ಶಾಲೆಯಂಗಳದಲ್ಲಿ ಯೋಧರ ಸ್ಮಾರಕ: ಪಟ್ಟಿಯಿಂದ ಕಲ್ಲಿನವರೆಗೆ

ಮಲೆನಾಡಿನ ಎಷ್ಟೋ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಈಗ ವಜ್ರ ಮಹೋತ್ಸವವನ್ನೋ ಶತಮಾನೋತ್ಸವವನ್ನೋ ಆಚರಿಸುವ ವಯಸ್ಸಿಗೆ ಬಂದಿವೆ. ಅಂಥ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದರೆ ರಂಗಮಂದಿರ, ಪ್ರವೇಶದ್ವಾರದ ಕಮಾನು, ಕುಡಿಯುವ ನೀರಿನ ಘಟಕಗಳ ಜೊತೆಗೆ, ಇಲ್ಲಿ ಓದಿ ಸೇನೆಗೆ ಹೋದವರಿಗೊಂದು ಸ್ಮಾರಕ ಮಾಡೋಣ ಎಂಬ ಮಾತೂ ಬರುತ್ತದೆ. ಮಾತು ಬಂದ ಮರುವಾರವೇ ಉತ್ಸಾಹಿಗಳೊಬ್ಬರು ಗ್ರಾನೈಟ್ ಅಂಗಡಿಗೆ ಹೋಗಿ ದರ ಕೇಳಿಕೊಂಡು ಬಂದಿರುತ್ತಾರೆ. ಈ ಲೇಖನ ಸೂಚಿಸುವ ಕ್ರಮ ಅದಕ್ಕೆ ಪೂರ್ತಿ ತಿರುವುಮುರುವಾದದ್ದು. ಕಲ್ಲು ಕೊನೆಯ ಕೆಲಸ. ಹೆಸರುಗಳ ಪಟ್ಟಿಯೇ ಮೊದಲ ಕೆಲಸ ಮತ್ತು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಆಡಳಿತವು ಭಾರತದ ಹಲವು ಹಳ್ಳಿಗಳಲ್ಲಿ ಸಣ್ಣ ಫಲಕಗಳನ್ನು ಹಾಕಿಸಿತು. ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಲೆಕ್ಕವಷ್ಟೇ ಅವುಗಳ ಮೇಲಿದೆ, ಹೋದವರ ಹೆಸರಿಲ್ಲ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ತಂದಿರಿಸಿರುವ ವೀರಗಲ್ಲುಗಳನ್ನೋ ಶಿಕಾರಿಪುರ, ಸೊರಬದ ಕಡೆಯ ದೇವಸ್ಥಾನಗಳ ಬಳಿ ನಿಂತಿರುವಂಥವನ್ನೋ ನೋಡಿದರೆ, ಶಾಸನವಿರುವ ಕಲ್ಲುಗಳು ಯಾವ ಅರಸನ ಕಾಲದಲ್ಲಿ, ಯಾವ ತುರುಗೋಳಿನಲ್ಲಿ (ದನಗಳನ್ನು ಹೊಡೆದೊಯ್ಯುವವರೊಡನೆ ನಡೆದ ಹೋರಾಟದಲ್ಲಿ) ಅಥವಾ ಯಾವ ಕಾಳಗದಲ್ಲಿ, ಯಾರ ಮಗನಾದ ಯಾರು ಬಿದ್ದ ಎಂಬುದನ್ನು ಹೇಳುತ್ತವೆ. ಎಷ್ಟೋ ಕಡೆ ಕಲ್ಲು ನಿಲ್ಲಿಸಿದವರು ಯಾರೆಂಬುದನ್ನೂ ಹೇಳುತ್ತವೆ. ಶಾಲೆಯ ಸ್ಮಾರಕಕ್ಕೆ ಮಾದರಿ ಬೇಕಿದ್ದರೆ ಎರಡನೆಯದನ್ನೇ ಹಿಡಿಯಬೇಕು.

1. ನಿಯಮಗಳನ್ನು ಹೆಸರು ಬರುವ ಮೊದಲೇ ಬರೆದಿಡಿ

ಐದಾರು ಜನರ ಸಣ್ಣ ಸಮಿತಿ ಸಾಕು. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಬ್ಬ ಸದಸ್ಯರು, ಊರಿನ ಮಾಜಿ ಸೈನಿಕರೊಬ್ಬರು, ನಿವೃತ್ತ ಮೇಷ್ಟರೊಬ್ಬರು, ಲೆಕ್ಕಪತ್ರ ನೋಡಬಲ್ಲ ಹಳೆಯ ವಿದ್ಯಾರ್ಥಿಯೊಬ್ಬರು ಅದರಲ್ಲಿರಲಿ. ಮೊದಲ ಸಭೆಯಲ್ಲಿ ಹಣದ ಮಾತೂ ಬೇಡ, ಕಲ್ಲಿನ ಮಾತೂ ಬೇಡ. ಯಾರನ್ನು ಸೇರಿಸಬೇಕು ಎಂಬ ನಿಯಮಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಹೆಸರುಗಳು ಕೈಗೆ ಬಂದ ಮೇಲೆ ನಿಯಮ ಮಾಡಲು ಕುಳಿತರೆ, ಚರ್ಚೆ ನಿಯಮದ ಮೇಲೆ ನಿಲ್ಲದೆ ಯಾರ ಮನೆಯವನು, ಯಾರ ಕಡೆಯವನು ಎಂಬಲ್ಲಿಗೆ ಜಾರುತ್ತದೆ.

ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು, ನಮ್ಮ ವಿದ್ಯಾರ್ಥಿ ಎಂದರೆ ಯಾರು ಎಂಬುದು. ದಾಖಲಾತಿ ವಹಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ, ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರೂ, ನಮ್ಮವರೇ ಎಂದು ಒಪ್ಪುವುದು ಒಳ್ಳೆಯದು. ಹಿಂದಿನ ಕಾಲದಲ್ಲಿ ಸಿಪಾಯಿಯಾಗಿ ಸೇರಿದ ಮಲೆನಾಡಿನ ಹುಡುಗರಲ್ಲಿ ಬಹಳ ಮಂದಿ ಮೆಟ್ರಿಕ್ ಮುಟ್ಟಿದವರಲ್ಲ. ಉತ್ತೀರ್ಣರಾದವರು ಮಾತ್ರ ಎಂದು ಷರತ್ತು ಹಾಕಿದರೆ ಸ್ಮಾರಕದಲ್ಲಿ ಅಧಿಕಾರಿಗಳೇ ಉಳಿಯುತ್ತಾರೆ.

ಎರಡನೆಯದು, ಯಾವ ಯುದ್ಧಗಳು. ಎರಡು ಮಹಾಯುದ್ಧಗಳು, 1947-48ರ ಕಾಶ್ಮೀರ ಕಾರ್ಯಾಚರಣೆ, 1962, 1965, 1971, 1984ರಿಂದ ಇಂದಿಗೂ ನಡೆಯುತ್ತಿರುವ ಸಿಯಾಚಿನ್ ಕಾವಲು, 1987ರಿಂದ 1990ರವರೆಗಿನ ಶ್ರೀಲಂಕಾದ ಶಾಂತಿಪಾಲನಾ ಪಡೆ, 1999ರ ಕಾರ್ಗಿಲ್, ಇವನ್ನೆಲ್ಲ ಹೆಸರಿಸಿ ಬರೆಯಿರಿ. ಘೋಷಿತ ಯುದ್ಧವಲ್ಲದ, ಆದರೆ ಪ್ರತಿವರ್ಷ ಜೀವ ತೆಗೆಯುವ ಕಾಶ್ಮೀರ ಮತ್ತು ಈಶಾನ್ಯ ರಾಜ್ಯಗಳ ಕಾರ್ಯಾಚರಣೆಗಳನ್ನೂ ವಿಶ್ವಸಂಸ್ಥೆಯ ಶಾಂತಿಪಾಲನೆಯನ್ನೂ ಬಿಡಬೇಡಿ.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಸೇನೆಯು ತನ್ನ ದಾಖಲೆಗಳಲ್ಲಿ ಕದನದಲ್ಲಾದ ಸಾವನ್ನೂ ಅಪಘಾತ, ಕಾಯಿಲೆಗಳಿಂದಾದ ಸಾವನ್ನೂ ಬೇರೆ ಬೇರೆಯಾಗಿ ವರ್ಗೀಕರಿಸುತ್ತದೆ; ಪಿಂಚಣಿ, ಪರಿಹಾರಗಳು ಆ ವರ್ಗೀಕರಣದ ಮೇಲೆ ನಿಂತಿವೆ. ಶಾಲೆಗೆ ಆ ಹೊರೆ ಇಲ್ಲ. ಗುಂಡಿಗೆ ಬಿದ್ದವರು, ಹಿಮಕುಸಿತಕ್ಕೆ ಸಿಕ್ಕವರು, ಗಡಿಯ ರಸ್ತೆಯಲ್ಲಿ ಲಾರಿ ಕಂದಕಕ್ಕೆ ಉರುಳಿ ಹೋದವರು, ಎಲ್ಲರನ್ನೂ ‘ಸೇನಾ ಕರ್ತವ್ಯದಲ್ಲಿದ್ದಾಗ ತೀರಿಕೊಂಡವರು’ ಎಂಬ ಒಂದೇ ತಲೆಬರಹದಡಿ ತರುವುದು ಸರಿಯೆಂದು ನನ್ನ ಅಭಿಪ್ರಾಯ. ಗಡಿ ಭದ್ರತಾ ಪಡೆ, ಕೇಂದ್ರೀಯ ಮೀಸಲು ಪೊಲೀಸ್ ಪಡೆಗಳು ಗೃಹ ಸಚಿವಾಲಯದ ಅಧೀನದಲ್ಲಿರುವುದರಿಂದ ದೆಹಲಿಯಲ್ಲಿ ಆ ಪಡೆಗಳವರಿಗೆ ಪ್ರತ್ಯೇಕವಾಗಿ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. ಹಳ್ಳಿಯ ಶಾಲೆಗೆ ಎರಡೆರಡು ಕಟ್ಟೆ ಬೇಕಿಲ್ಲ. ಅವರನ್ನೂ ಸೇರಿಸುತ್ತೇವೆಂದು ನಿಯಮದಲ್ಲೇ ಹೇಳಿಬಿಡಿ. ಸ್ವಾತಂತ್ರ್ಯ ಹೋರಾಟಗಾರರ ವಿಷಯ ಮಾತ್ರ ಬೇರೆ. 1942ರ ಈಸೂರಿನ ಚಳವಳಿ, ಮರುವರ್ಷ ಅಲ್ಲಿನ ಐವರು ಗಲ್ಲಿಗೇರಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು; ಅವರು ವಿರೋಧಿಸಿದ್ದು ಯಾವ ಬ್ರಿಟಿಷ್ ಆಳ್ವಿಕೆಯನ್ನೋ ಅದೇ ಆಳ್ವಿಕೆಯ ಸೈನ್ಯದಲ್ಲಿ ಅದೇ ವರ್ಷ ಬರ್ಮಾದಲ್ಲಿ ಹೋರಾಡಿದವರನ್ನು ಅದೇ ಕಲ್ಲಿನಲ್ಲಿ ಕೂರಿಸಿದರೆ ಇಬ್ಬರ ಕಥೆಯೂ ಮಸುಕಾಗುತ್ತದೆ. ಅವರಿಗೆ ಬೇರೆ ಫಲಕವಿರಲಿ.

ಇನ್ನು ಯುದ್ಧಕ್ಕೆ ಹೋಗಿ ಜೀವಂತವಾಗಿ ಮರಳಿದವರು. ಅವರನ್ನು ಬಿಟ್ಟರೆ ಸ್ಮಾರಕ ಅರ್ಧವಾಗುತ್ತದೆ. ತೀರಿಕೊಂಡವರ ಸಾಲಿನಲ್ಲೇ ಬರೆದರೆ ಓದುವವರಿಗೆ ಗೊಂದಲವಾಗುತ್ತದೆ. ತೀರಿಕೊಂಡವರಿಗೆ ಕಲ್ಲು, ಸೇವೆ ಸಲ್ಲಿಸಿದವರಿಗೆ ವರ್ಷ ವರ್ಷವೂ ಹೆಸರು ಸೇರಿಸಬಹುದಾದ ಗೌರವ ಫಲಕ, ಇಬ್ಬರಿಗೂ ಸೇರಿ ಒಂದು ದಾಖಲೆ ಪುಸ್ತಕ, ಹೀಗೆ ಮೂರು ಭಾಗ ಮಾಡಿಕೊಳ್ಳುವುದು ಅನುಕೂಲ. ಈಗ ಸೇವೆಯಲ್ಲಿರುವವರ ಹೆಸರನ್ನು ಹಾಕುವುದಾದರೆ ಅವರ ಘಟಕವನ್ನಾಗಲಿ ನಿಯೋಜನೆಯ ಸ್ಥಳವನ್ನಾಗಲಿ ಎಲ್ಲಿಯೂ ಬರೆಯಕೂಡದು.

2. ಹೆಸರುಗಳನ್ನು ಹುಡುಕುವುದು

ಹುಡುಕಾಟ ಶಾಲೆಯ ಬೀರುವಿನಿಂದಲೇ ಶುರುವಾಗಲಿ. ದಾಖಲಾತಿ ವಹಿ, ವರ್ಗಾವಣೆ ಪತ್ರದ ಕೌಂಟರ್‌ಫೈಲು, ಹಳೆಯ ವಾರ್ಷಿಕ ಸಂಚಿಕೆಗಳು, ಗುಂಪಿನ ಫೋಟೋಗಳು, ಇವನ್ನೆಲ್ಲ ಮಳೆಗಾಲ ಬರುವ ಮೊದಲು ಬಿಸಿಲಿಗೆ ಹಿಡಿದು, ಮೊಬೈಲಿನಲ್ಲಾದರೂ ಸರಿ, ಪುಟ ಪುಟವಾಗಿ ಚಿತ್ರ ತೆಗೆದಿಡಿ. ಗೆದ್ದಲು ಮತ್ತು ತೇವ ತಿಂದು ಉಳಿದದ್ದೇ ಮಲೆನಾಡಿನ ಶಾಲೆಗಳ ಇತಿಹಾಸವಾದ್ದರಿಂದ, ಸ್ಮಾರಕದ ಕೆಲಸ ಅಲ್ಲಿಗೇ ನಿಂತರೂ ಈ ಒಂದು ಉಪಕಾರ ಶಾಲೆಗೆ ಉಳಿಯುತ್ತದೆ.

ವಹಿಯಲ್ಲಿ ಯಾರು ಸೇನೆಗೆ ಹೋದರೆಂದು ಬರೆದಿರುವುದಿಲ್ಲ. ಅದನ್ನು ಊರೇ ಹೇಳಬೇಕು. ಸೇನೆಯಲ್ಲಿ ಇದ್ದುಬಂದವರ ಹೆಸರಿನ ಹಿಂದೆ ‘ಮಿಲ್ಟ್ರಿ’ ಎಂದು ಸೇರಿಸಿ ಕರೆಯುವ ರೂಢಿ ನಮ್ಮಲ್ಲಿ ಇರುವುದರಿಂದ, ಯಾವ ಯಾವ ಕೇರಿಯಲ್ಲಿ ಮಿಲ್ಟ್ರಿಯವರ ಮನೆ ಎಂಬ ಮಾತಿದೆಯೆಂದು ವಿಚಾರಿಸಿದರೆ ಅರ್ಧ ಪಟ್ಟಿ ಸಿದ್ಧವಾಗುತ್ತದೆ. ಅಂಚೆಯಣ್ಣನಿಗೂ ಗೊತ್ತಿರುತ್ತದೆ, ಏಕೆಂದರೆ ಮನಿಯಾರ್ಡರು ತಂದುಕೊಟ್ಟವನು ಅವನೇ. 2023ರಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದ ಸಂದರ್ಭದಲ್ಲಿ ಗ್ರಾಮ ಪಂಚಾಯಿತಿಗಳು ನಿಲ್ಲಿಸಿದ ಶಿಲಾಫಲಕಗಳನ್ನೂ ನೋಡಿ. ಅಲ್ಲಿರುವ ಹೆಸರನ್ನು ಸುಳಿವೆಂದು ತಿಳಿಯಬೇಕೇ ಹೊರತು ಪುರಾವೆಯೆಂದಲ್ಲ.

ಹಿರಿಯರಲ್ಲಿಗೆ ಮಕ್ಕಳನ್ನು ಕಳುಹಿಸುವುದು ಒಳ್ಳೆಯದು. ಒಂಬತ್ತನೇ ತರಗತಿಯವರಿಬ್ಬರು, ಜೊತೆಗೊಬ್ಬರು ಶಿಕ್ಷಕರು ಹೋದರೆ ಸಾಕು. ‘ಅಜ್ಜಿ, ನಿಮ್ಮ ಯಜಮಾನರು ಯಾವ ಕ್ಲಾಸಿನವರೆಗೆ ನಮ್ಮ ಶಾಲೆಗೆ ಬಂದಿದ್ದರು? ಸೇನೆಗೆ ಸೇರಿದಾಗ ಅವರ ಜೊತೆ ಊರಿನಿಂದ ಇನ್ಯಾರು ಹೋಗಿದ್ದರು?’ ಎಂಬಂಥ ಪ್ರಶ್ನೆಗಳಿಂದ ಶುರುಮಾಡಬೇಕು. ಎರಡನೆಯ ಪ್ರಶ್ನೆ ಮುಖ್ಯವಾದದ್ದು. ಭರ್ತಿಗೆ ಹುಡುಗರು ಒಬ್ಬಂಟಿಯಾಗಿ ಹೋಗುವುದು ಕಡಿಮೆ, ಜೊತೆಗಾರರ ಹೆಸರು ಅಲ್ಲಿ ಸಿಗುತ್ತದೆ. ಸಾವಿನ ದಿನದ ವಿವರವನ್ನು ಮಕ್ಕಳು ಕೇಳಬಾರದು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಮಲೆನಾಡಿಗೇ ವಿಶಿಷ್ಟವಾದ ಒಂದು ತೊಡಕಿದೆ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿಯ ಕಣಿವೆಯನ್ನು ಮುಳುಗಿಸಿದಾಗ ಊರುಗಳೊಂದಿಗೆ ಶಾಲೆಗಳೂ ಹೋದವು. ಸಂತ್ರಸ್ತ ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಗೆ ಚದುರಿದವು. ಮುಳುಗಡೆಯ ಊರಿನ ಶಾಲೆಯಲ್ಲಿ ಅಕ್ಷರ ಕಲಿತು, ಆಮೇಲೆ 1965ರಲ್ಲೋ 1971ರಲ್ಲೋ ಹೋರಾಡಿದವನ ಹೆಸರನ್ನು ಯಾವ ಶಾಲೆ ಬರೆಯಬೇಕು? ಮುಳುಗಿದ ಶಾಲೆಯ ವಹಿಗಳು ಯಾವ ಶಾಲೆಗೆ ಬಂದವೋ ಆ ಶಾಲೆ. ಅದೂ ತಿಳಿಯದಿದ್ದರೆ ಪುನರ್ವಸತಿಯಾದ ಊರಿನ ಶಾಲೆ. ಎರಡು ಶಾಲೆಗಳಲ್ಲಿ ಒಂದೇ ಹೆಸರು ಬಂದರೆ ನಷ್ಟವೇನಿಲ್ಲ, ಎಲ್ಲಿಯೂ ಬಾರದಿದ್ದರೆ ನಷ್ಟ.

3. ಪ್ರತಿ ಹೆಸರಿಗೂ ಎರಡು ಆಧಾರ

ಬಾಯಿಮಾತಿನಿಂದ ಬಂದ ಹೆಸರನ್ನು ಪಟ್ಟಿಗೆ ಸೇರಿಸುವ ಮೊದಲು ಎರಡು ಆಧಾರಗಳನ್ನು ಕೇಳಿ: ಆತ ಈ ಶಾಲೆಯವನೆಂಬುದಕ್ಕೆ ಒಂದು, ಸೇವೆ ಸಲ್ಲಿಸಿದನೆಂಬುದಕ್ಕೆ ಒಂದು. ಶಾಲೆಯ ಆಧಾರವೆಂದರೆ ವಹಿಯ ಕ್ರಮಸಂಖ್ಯೆ. ಸೇವೆಯ ಆಧಾರ ಹೆಚ್ಚಾಗಿ ಮನೆಯ ಟ್ರಂಕಿನಲ್ಲೇ ಇರುತ್ತದೆ: ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪಾವತಿ ಆದೇಶ, ಸೇನೆಯಿಂದ ಬಂದ ತಂತಿ ಅಥವಾ ಪತ್ರ, ಪದಕಗಳು.

ಪದಕಗಳು ಮಾತಾಡುತ್ತವೆ. 1965ರ ಕದನವಲಯದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್, 1971ರಲ್ಲಿ ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಕಾರ್ಗಿಲ್‌ನವರಿಗೆ ಆಪರೇಷನ್ ವಿಜಯ್ ಸ್ಟಾರ್ ಕೊಡಲಾಯಿತು. 1965ರ ರಕ್ಷಾ ಪದಕ, 1971ರ ಸಂಗ್ರಾಮ ಪದಕಗಳು ಆ ಕಾಲದಲ್ಲಿ ಸೇವೆಯಲ್ಲಿದ್ದ ಇನ್ನೂ ವಿಶಾಲ ವರ್ಗಕ್ಕೆ ಸಂದವು. ಹಾಗಾಗಿ ಮೊಮ್ಮಗ ‘ನಮ್ಮಜ್ಜ ಬಾಂಗ್ಲಾ ಯುದ್ಧ ಮಾಡಿದ್ದರು’ ಎಂದಾಗ ಪೆಟ್ಟಿಗೆಯಲ್ಲಿ ಪೂರ್ವಿ ಸ್ಟಾರ್ ಇದೆಯೇ, ಬರಿಯ ಸಂಗ್ರಾಮ ಪದಕವಿದೆಯೇ ಎಂದು ನೋಡಿದರೆ ಬರೆಯಬೇಕಾದ ವಾಕ್ಯ ಸ್ಪಷ್ಟವಾಗುತ್ತದೆ. ಅನೇಕ ಪದಕಗಳ ಅಂಚಿನಲ್ಲಿ ಸೇವಾ ಸಂಖ್ಯೆ ಮತ್ತು ಹೆಸರು ಕೊರೆದಿರುತ್ತದೆ. ಭೂತಗನ್ನಡಿ ತೆಗೆದುಕೊಂಡು ಹೋಗಿ. ಹೊಳಪು ಕೊಡಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಲು ಮಾತ್ರ ಹೋಗಬೇಡಿ.

ಮನೆಯಲ್ಲಿ ಕಾಗದವಿಲ್ಲದಿದ್ದರೆ ಶಿವಮೊಗ್ಗದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೇಳಬಹುದು. ಅದರಾಚೆಗೆ ಆಯಾ ದಳದ ದಾಖಲೆ ಕಚೇರಿಗಳಿವೆ: ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಫಿರಂಗಿ ದಳದ್ದು ನಾಸಿಕ್‌ನಲ್ಲಿ. ಇವು ಮೂರನೆಯವರಿಗೆ ವೈಯಕ್ತಿಕ ಮಾಹಿತಿ ಕೊಡಲು ಹಿಂಜರಿಯುವುದು ಸಹಜ. ಅರ್ಜಿ ಪತ್ನಿಯದೋ ಮಕ್ಕಳದೋ ಸಹಿಯೊಂದಿಗೆ, ಶಾಲೆಯ ಪತ್ರವನ್ನು ಲಗತ್ತಿಸಿಕೊಂಡು, ಸೇವಾ ಸಂಖ್ಯೆಯೊಡನೆ ಹೋದರೆ ಉತ್ತರದ ಸಾಧ್ಯತೆ ಹೆಚ್ಚು.

ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಪ್ರಾಣ ಕೊಟ್ಟವರ ಹೆಸರುಗಳನ್ನು, 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಹುಡುಕಬಹುದು. ಎರಡು ಮಹಾಯುದ್ಧಗಳಲ್ಲಿ ಮಡಿದವರಿಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಿದೆ. ಆಗ ಶಿವಮೊಗ್ಗ ಮೈಸೂರು ಸಂಸ್ಥಾನದ ಭಾಗವಾಗಿದ್ದುದನ್ನು ನೆನಪಿಡಿ. ಬ್ರಿಟಿಷ್ ಭಾರತದ ಸೇನೆಗಲ್ಲದೆ ಸಂಸ್ಥಾನದ ಪಡೆಗೆ ಸೇರಿದವರೂ ಇದ್ದಾರು. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಒಂದು. ಮೈಸೂರಿನ ಕಾಲಾಳು ಪಡೆ 1942ರ ಫೆಬ್ರವರಿಯಲ್ಲಿ ಸಿಂಗಪುರ ಶರಣಾದಾಗ ಅಲ್ಲಿತ್ತು. ಸ್ವಾತಂತ್ರ್ಯದ ನಂತರ ಲ್ಯಾನ್ಸರ್ಸ್ 61ನೇ ಅಶ್ವದಳದಲ್ಲೂ ಕಾಲಾಳು ಪಡೆ ಮದ್ರಾಸ್ ರೆಜಿಮೆಂಟಿನಲ್ಲೂ ಲೀನವಾದವು. ಸಂಸ್ಥಾನದ ಕಡತಗಳಿಗಾಗಿ ಕೇಳಬೇಕಾದದ್ದು ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು.

ಹೆಸರು ಹೊಂದಿಸುವುದೇ ಒಂದು ವಿದ್ಯೆ. ಶಾಲೆಯ ಹಳೆಯ ವಹಿಯಲ್ಲಿ ‘ಮಂಜ ಬಿನ್ ತಿಮ್ಮ’ ಎಂದಿರುವವನು ಸೇನೆಯ ಇಂಗ್ಲಿಷ್ ಕಾಗದದಲ್ಲಿ ‘ಟಿ. ಮಂಜಪ್ಪ’ ಆಗಿರಬಹುದು, ಊರಿನವರ ಬಾಯಲ್ಲಿ ಮನೆತನದ ಹೆಸರಿನಿಂದಲೇ ಉಳಿದಿರಬಹುದು. ಜನ್ಮ ದಿನಾಂಕವನ್ನು ನಂಬಿ ಹೊಂದಿಸಲು ಹೋಗಬೇಡಿ; ದಾಖಲು ಮಾಡಿಕೊಂಡ ಮೇಷ್ಟರು ಅಂದಾಜಿನಲ್ಲಿ ಬರೆದ ದಿನಾಂಕಗಳು ಎಷ್ಟೋ ಇವೆ. ತಂದೆಯ ಹೆಸರು ಮತ್ತು ಊರು ಹೆಚ್ಚು ಗಟ್ಟಿಯಾದ ಗುರುತು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರ ಬೇಕು: ‘ನಾಯಕ್’ ಎಂಬುದು ಸಿಪಾಯಿ ಮತ್ತು ಲ್ಯಾನ್ಸ್ ನಾಯಕ್‌ಗಿಂತ ಮೇಲಿನ, ಹವಿಲ್ದಾರನಿಗಿಂತ ಕೆಳಗಿನ ಒಂದು ದರ್ಜೆ. ನಾಯ್ಕ, ನಾಯಕ ಎಂಬ ಹೆಸರುಗಳು ಮನೆಮನೆಯಲ್ಲಿರುವ ಕಡೆ ದರ್ಜೆಯನ್ನು ಹೆಸರೆಂದೋ ಹೆಸರನ್ನು ದರ್ಜೆಯೆಂದೋ ಕೊರೆಸಿಬಿಡುವುದು ಸುಲಭ. ಹಾಗೆಯೇ ಸ್ಯಾಪರ್, ಗನ್ನರ್, ಸಿಗ್ನಲ್‌ಮ್ಯಾನ್, ಕ್ರಾಫ್ಟ್ಸ್‌ಮನ್ ಇವೆಲ್ಲ ಆಯಾ ದಳದಲ್ಲಿ ಸಿಪಾಯಿಗೆ ಸಮನಾದ ದರ್ಜೆಗಳು. ‘ಬರೀ ಸಿಪಾಯಿ’ ಎಂದು ತಿದ್ದಬೇಡಿ.

4. ಕುಟುಂಬದ ಒಪ್ಪಿಗೆ, ಊರಿನ ಮುಂದೆ ಕರಡು

ಪ್ರತಿ ಕುಟುಂಬಕ್ಕೂ ಕರಡು ಸಾಲನ್ನು ಬರವಣಿಗೆಯಲ್ಲಿ ತೋರಿಸಿ, ಹೆಸರಿನ ಕಾಗುಣಿತಕ್ಕೆ ಅವರ ಸಹಿ ಪಡೆಯಿರಿ. ಪತ್ನಿ ಮತ್ತು ತಂದೆತಾಯಿಗಳ ನಡುವೆ ಮನಸ್ತಾಪವಿರುವ ಮನೆಗಳಿರುತ್ತವೆ. ಇಬ್ಬರ ಬಳಿಗೂ ಬೇರೆ ಬೇರೆಯಾಗಿ ಹೋಗಬೇಕು. ಬೇಡವೆಂದವರ ಮನೆಯ ಹೆಸರನ್ನು ಕಲ್ಲಿನಿಂದ ಹೊರಗಿಡಿ, ಪುಸ್ತಕದಲ್ಲೂ ಅವರು ಒಪ್ಪಿದಷ್ಟನ್ನೇ ಬರೆಯಿರಿ. ಆಮೇಲೆ ಇಡೀ ಪಟ್ಟಿಯನ್ನು ಒಂದು ತಿಂಗಳು ಶಾಲೆಯ ಮತ್ತು ಪಂಚಾಯಿತಿಯ ಸೂಚನಾ ಫಲಕಗಳಲ್ಲಿ ಅಂಟಿಸಿ, ಸಾಧ್ಯವಾದರೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಬಿಟ್ಟುಹೋದ ಹೆಸರು ಎದ್ದುಬರುವುದು ಇಂಥ ಓದಿನಲ್ಲೇ.

5. ಅನುಮತಿ ಮತ್ತು ಹಣ

ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯ ಠರಾವು, ಅದರೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ. ಅನುದಾನಿತ ಶಾಲೆಯಾದರೆ ಆಡಳಿತ ಮಂಡಳಿಯ ನಿರ್ಣಯ. ಸ್ಮಾರಕ ಆವರಣದ ಒಳಗೇ ಇರಲಿ. ರಸ್ತೆ ಬದಿಯ ಸಾರ್ವಜನಿಕ ಜಾಗದಲ್ಲಿ ಕಟ್ಟಿದರೆ ತಕರಾರಿಗೆ ದಾರಿ. ಬಳ್ಳಿಗಾವಿ, ಇಕ್ಕೇರಿಯಂಥ ಕಡೆ, ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ನಿಷೇಧವೂ ಅಲ್ಲಿಂದಾಚೆ 200 ಮೀಟರಿನಲ್ಲಿ ನಿಯಂತ್ರಣವೂ ಇರುವುದರಿಂದ, ಅಂಥ ಊರಿನ ಶಾಲೆಯವರು ಅಡಿಪಾಯ ತೋಡುವ ಮೊದಲೇ ಪುರಾತತ್ವ ಇಲಾಖೆಯನ್ನು ಕೇಳಬೇಕು. ಹಣಕ್ಕೆ ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ, ಪ್ರತಿ ಕಾಸಿಗೂ ರಸೀದಿ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

6. ಜಾಗ

ಮಲೆನಾಡಿನಲ್ಲಿ ಮುಂಗಾರಿನ ಇರಚಲು ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ದಿಕ್ಕಿಗೆ ಮುಖ ಮಾಡಿದ ಕಲ್ಲು ನಾಲ್ಕು ತಿಂಗಳು ನೆನೆಯುತ್ತದೆ. ಬಿಸಿಲು ಕಾಣದ ಮೂಲೆಯಲ್ಲಿಟ್ಟರೆ ಮಳೆ ನಿಂತ ಮೇಲೂ ಒಣಗದೆ ಪಾಚಿ ಹಿಡಿಯುತ್ತದೆ. ಕಟ್ಟಡದ ಪೂರ್ವ ಬದಿಯಲ್ಲಿ, ಬೆಳಗಿನ ಬಿಸಿಲು ಬೀಳುವಂತೆ, ಪೂರ್ವಕ್ಕೋ ಈಶಾನ್ಯಕ್ಕೋ ಮುಖ ಮಾಡಿ ನಿಲ್ಲಿಸುವುದು ಉತ್ತಮ. ಮೇಲೊಂದು ಸಣ್ಣ ಹೆಂಚಿನ ಮಾಡು ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದರ ಸೂರಿನ ನೀರು ಕಲ್ಲಿನ ಬುಡಕ್ಕೆ ಬೀಳದಂತೆ ಮಾಡು ಮುಂದೆ ಚಾಚಿರಬೇಕು.

ಧ್ವಜಸ್ತಂಭದ ಹತ್ತಿರ, ಆದರೆ ಮಕ್ಕಳು ಆಟವಾಡುವ ದಾರಿಗೆ ಅಡ್ಡವಾಗದಂತೆ ಜಾಗ ನೋಡಿ. ಬೇಲಿ ಹಾಕಿ ಬೀಗ ಜಡಿಯುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಕೈಯಿಟ್ಟು ಅಕ್ಷರ ಸವರಿ ಓದಲಾರದ ಸ್ಮಾರಕ ಶಾಲೆಯಲ್ಲಿ ಏಕಿರಬೇಕು? ಗಿಡ ನೆಡುವವರು ಕಲ್ಲಿನಿಂದ ದೂರ ನೆಡಲಿ. ನೇರಳೆಯ ನೆರಳು ಚೆನ್ನ, ಅದರ ಹಣ್ಣಿನ ಬಣ್ಣ ಕಲ್ಲಿಗೆ ಚೆನ್ನಲ್ಲ. ಹಲಸಿನ ಕೆಳಗೆ ಏನನ್ನಿಟ್ಟರೂ ಅದರ ಗತಿ ಊಹಿಸಬಹುದು. ಸಂಪಿಗೆ, ಬಕುಳ, ಸುರಗಿ ನೆಡಬಹುದು, ಬೇರು ಅಡಿಪಾಯಕ್ಕೆ ಬಾರದಷ್ಟು ದೂರದಲ್ಲಿ.

7. ಕಲ್ಲು ಮತ್ತು ಅಕ್ಷರ

ಕಟ್ಟೆಯನ್ನು ನಮ್ಮ ಜಂಬಿಟ್ಟಿಗೆಯಲ್ಲೇ ಕಟ್ಟಿಸಬಹುದು, ಊರಿಗೆ ಒಪ್ಪುತ್ತದೆ. ಆದರೆ ತೂತು ತೂತಾದ ಆ ಕಲ್ಲಿನಲ್ಲಿ ಅಕ್ಷರ ನಿಲ್ಲದು. ಅಕ್ಷರಕ್ಕೆ ಗ್ರಾನೈಟೇ ಸರಿ. ಅಮೃತಶಿಲೆ ಮೃದುವಾದದ್ದು, ನಮ್ಮ ಮಳೆಗೆ ಮೈ ಸವೆದು ಕಪ್ಪುಗಟ್ಟುತ್ತದೆ. ಹಿತ್ತಾಳೆಗೆ ಕಿಲುಬು, ಕಳ್ಳರ ಕಣ್ಣು ಎರಡೂ ಇವೆ. ಕನ್ನಡಿಯಂತೆ ಹೊಳಪು ಕೊಟ್ಟ ಕಪ್ಪು ಗ್ರಾನೈಟಿನಲ್ಲಿ ಆಕಾಶ ಪ್ರತಿಫಲಿಸಿ ಓದು ಕಷ್ಟವಾಗುವುದರಿಂದ, ಹೊಳಪು ಕಡಿಮೆ ಮಾಡಿದ ಮೈ ಕೇಳಿ. ಬಣ್ಣ ತುಂಬಿದ ಆಳವಿಲ್ಲದ ಅಕ್ಷರ ಬಣ್ಣ ಹೋದೊಡನೆ ಮಾಯವಾಗುತ್ತದೆ. ಬಣ್ಣವಿಲ್ಲದೆಯೂ ನೆರಳಿನಿಂದಲೇ ಓದಲಾಗುವಷ್ಟು ಆಳಕ್ಕೆ ಕೊರೆಸಬೇಕು.

ಇಡೀ ಪಟ್ಟಿಯನ್ನು ಒಂದೇ ಹಾಸುಗಲ್ಲಿನಲ್ಲಿ ಕೊರೆಸುವುದರ ಬದಲು ಒಬ್ಬರಿಗೊಂದು ಸಣ್ಣ ಕಲ್ಲು ಮಾಡಿಸಿ ಸಾಲಾಗಿ ಕೂರಿಸುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಮಾಡಿರುವುದೂ ಹೀಗೆಯೇ, ಒಂದು ಹೆಸರಿಗೆ ಒಂದು ಗ್ರಾನೈಟ್ ಇಟ್ಟಿಗೆ. ತಪ್ಪು ಸಿಕ್ಕರೆ ಒಂದು ಕಲ್ಲನ್ನು ಬದಲಿಸಿದರಾಯಿತು, ಹೊಸ ಹೆಸರು ಬಂದರೆ ಒಂದು ಕಲ್ಲನ್ನು ಸೇರಿಸಿದರಾಯಿತು. ಕೆಲವು ಕಲ್ಲುಗಳನ್ನು ಖಾಲಿಯಾಗಿಯೇ ಕೂರಿಸಿಡಿ.

ಕನ್ನಡದ ಅಕ್ಷರಕ್ಕೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸು, ಕೊಂಬು, ದೀರ್ಘಗಳು ಮೇಲೂ ಪಕ್ಕಕ್ಕೂ ಚಾಚುತ್ತವೆ. ಎರಡು ಸಾಲುಗಳ ನಡುವೆ ಅಕ್ಷರದಷ್ಟೇ ಎತ್ತರದ ಖಾಲಿ ಜಾಗ ಬಿಡಿಸಿ. ಮೂಲಾಕ್ಷರದ ಎತ್ತರ 25 ಮಿಲಿಮೀಟರಿಗಿಂತ ಕಡಿಮೆ ಬೇಡ. ಡಿಟಿಪಿ ಅಂಗಡಿಯಲ್ಲಿ ಯೂನಿಕೋಡ್‌ನಿಂದ ‘ನುಡಿ’ ತಂತ್ರಾಂಶಕ್ಕೆ, ಅಲ್ಲಿಂದ ಕಲ್ಲು ಕೊರೆಯುವ ಯಂತ್ರದ ತಂತ್ರಾಂಶಕ್ಕೆ ಹೋಗುವ ದಾರಿಯಲ್ಲಿ ಅರ್ಕಾವತ್ತು ಜಾರುತ್ತದೆ, ಒತ್ತು ಕಳಚಿ ಪಕ್ಕಕ್ಕೆ ಕೂರುತ್ತದೆ. ಆದ್ದರಿಂದ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ. ಕಲ್ಲಿನಷ್ಟೇ ಗಾತ್ರದ ಕಾಗದದಲ್ಲಿ ಮುದ್ರಿಸಿ, ಗೋಡೆಗೆ ಅಂಟಿಸಿ, ಕನ್ನಡ ಮೇಷ್ಟರೊಬ್ಬರು ಮತ್ತು ಆ ಮನೆಯವರೊಬ್ಬರು ಓದಿ ಸಹಿ ಹಾಕಿದ ಮೇಲಷ್ಟೇ ಕೊರೆಯಲು ಕೊಡಿ. ಕೂಲಿ ಅಕ್ಷರದ ಲೆಕ್ಕದಲ್ಲಿದ್ದರೆ ಒತ್ತಕ್ಷರವನ್ನು ಬೇರೆ ಎಣಿಸುತ್ತಾರೆಯೇ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

8. ಏನು ಬರೆಯಬೇಕು, ಏನು ಬರೆಯಬಾರದು

ಪ್ರತಿ ಕಲ್ಲಿನಲ್ಲಿ ದರ್ಜೆ ಮತ್ತು ಹೆಸರು, ಊರು, ಶಾಲೆಯಲ್ಲಿದ್ದ ವರ್ಷಗಳು, ದಳ, ತೀರಿಕೊಂಡ ಸ್ಥಳ ಮತ್ತು ದಿನಾಂಕ ಇಷ್ಟಿರಲಿ. ಪರಮವೀರ ಚಕ್ರದಿಂದ ಸೇನಾ ಪದಕದವರೆಗೆ ಯಾವುದೇ ಶೌರ್ಯ ಪ್ರಶಸ್ತಿಯಿದ್ದರೆ ಹೆಸರಿನ ಮುಂದೆ ಸೇರಿಸಿ. ಹೆಸರುಗಳ ಕ್ರಮ ಅಕಾರಾದಿಯಾಗಿರಲಿ ಅಥವಾ ತೀರಿಕೊಂಡ ವರ್ಷದ ಪ್ರಕಾರವಿರಲಿ. ದರ್ಜೆಯ ಪ್ರಕಾರ ಬೇಡ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 1917ರಲ್ಲಿ ಸ್ಥಾಪನೆಯಾದಾಗಿನಿಂದ ಹಿಡಿದಿರುವ ತತ್ವವೆಂದರೆ ಸ್ಮರಣೆಯಲ್ಲಿ ದರ್ಜೆಯ ಭೇದವಿಲ್ಲ ಎಂಬುದು, ಅದು ಶಾಲೆಗೆ ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ಇಲ್ಲಿ ಅವರೆಲ್ಲ ಕೂತದ್ದು ಒಂದೇ ಮಣೆಯ ಮೇಲೆ. ತಲೆಗಲ್ಲಿನ ಮೇಲೆ ಹೀಗೊಂದು ವಾಕ್ಯ ಸಾಕು:

‘ಈ ಶಾಲೆಯಲ್ಲಿ ಓದಿ, ದೇಶದ ರಕ್ಷಣೆಯ ಕರ್ತವ್ಯದಲ್ಲಿ ತೀರಿಕೊಂಡ ನಮ್ಮ ವಿದ್ಯಾರ್ಥಿಗಳು. ಶಾಲೆ, ಹಳೆಯ ವಿದ್ಯಾರ್ಥಿಗಳು ಮತ್ತು ಊರವರು ನಿಲ್ಲಿಸಿದ ಕಲ್ಲು.’

ಇದರ ಮೇಲೆ ಕವಿತೆ, ಘೋಷಣೆ, ಬಂದೂಕಿನ ಚಿತ್ರ ಬೇಕೆನ್ನುವವರು ಇದ್ದೇ ಇರುತ್ತಾರೆ. ಹೆಸರುಗಳಿಗೆ ಜಾಗ ಉಳಿಯಲಿ ಎಂದು ವಿನಯದಿಂದ ಹೇಳಿ. ದಾನಿಗಳ, ಶಾಸಕರ, ಉದ್ಘಾಟಕರ, ಗೌರವ ಉಪಸ್ಥಿತರ ಹೆಸರುಗಳಿಗೆ ಆಚೆ ಗೋಡೆಯಲ್ಲಿ ಸಣ್ಣದೊಂದು ಬೇರೆ ಫಲಕ ಮಾಡಿಸಬಹುದು; ಯೋಧನ ಹೆಸರಿಗಿಂತ ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿರುವ ಕಲ್ಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾಲ್ಕು ಸಿಂಹಗಳ ರಾಷ್ಟ್ರಲಾಂಛನವನ್ನು ಕೊರೆಸಲು ಹೋಗಬೇಡಿ, ಅದರ ಬಳಕೆಯನ್ನು 2005ರ ಕಾಯ್ದೆಯೊಂದು ನಿಯಂತ್ರಿಸುತ್ತದೆ. ರೆಜಿಮೆಂಟಿನ ಚಿಹ್ನೆ ಬೇಕಿದ್ದರೆ ಆ ರೆಜಿಮೆಂಟಿನ ಕೇಂದ್ರವನ್ನು ಬರೆದು ಕೇಳಿ.

9. ಅನಾವರಣ

ಜುಲೈ 26ರ ಕಾರ್ಗಿಲ್ ವಿಜಯ ದಿವಸವೇ ಎಲ್ಲರಿಗೂ ಮೊದಲು ಹೊಳೆಯುವ ದಿನ. ತೀರ್ಥಹಳ್ಳಿ, ಹೊಸನಗರ, ಸಾಗರಗಳಲ್ಲಿ ಅಂದು ಶಾಲೆಗೆ ಮಳೆಯ ರಜೆಯೇ ಘೋಷಣೆಯಾಗಿರಬಹುದು. 1971ರ ವಿಜಯದ ನೆನಪಿನ ಡಿಸೆಂಬರ್ 16 ಅಥವಾ ಸಶಸ್ತ್ರ ಪಡೆಗಳ ಧ್ವಜ ದಿನವಾದ ಡಿಸೆಂಬರ್ 7 ಅನುಕೂಲಕರ. ಡಿಸೆಂಬರಿಗೆ ಅನಾವರಣವೆಂದರೆ ಅಡಿಪಾಯ ಮತ್ತು ಕಟ್ಟೆ ಹಿಂದಿನ ಬೇಸಿಗೆಯಲ್ಲೇ ಮುಗಿದಿರಬೇಕು. ಒಂದು ಮಳೆಗಾಲ ಕಳೆದರೆ ಕಟ್ಟೆ ಎಲ್ಲಿ ಕುಸಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿದಿರುತ್ತದೆ. ಹೆಸರಿನ ಕಲ್ಲುಗಳನ್ನು ನವೆಂಬರಿನಲ್ಲಿ ಕೂರಿಸಿ.

ಸ್ಮಾರಕವನ್ನು ರಾಷ್ಟ್ರಧ್ವಜದಿಂದ ಮುಚ್ಚಿ ಸರಿಸುವುದು ತಪ್ಪು; 2002ರ ಧ್ವಜ ಸಂಹಿತೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಸಾದಾ ಬಟ್ಟೆ ಬಳಸಿ, ಧ್ವಜ ಪಕ್ಕದಲ್ಲಿ ಸ್ವತಂತ್ರವಾಗಿ ಹಾರಲಿ. ಬಟ್ಟೆ ಸರಿಸುವವರು ಕುಟುಂಬದ ಹಿರಿಯರೊಬ್ಬರಾಗಿರಲಿ, ಮೊದಲ ಪುಷ್ಪಚಕ್ರವೂ ಅವರದೇ. ಕುಟುಂಬದವರಿಗೆ ಮುಂದಿನ ಸಾಲಿನಲ್ಲಿ ನೆರಳಿನಲ್ಲಿ ಕುರ್ಚಿ ಹಾಕಿ. ವೇದಿಕೆಗೆ ಕರೆದು ಶಾಲು ಹೊದಿಸಿ ಅಳಿಸುವುದು ಬೇಡ. ಹೆಸರುಗಳನ್ನು ಮಕ್ಕಳು ಒಬ್ಬೊಬ್ಬರಾಗಿ ಓದಲಿ, ಎರಡು ನಿಮಿಷ ಮೌನ, ಎನ್‌ಸಿಸಿಯವರಲ್ಲಿ ಬ್ಯೂಗಲ್ ನುಡಿಸುವವರಿದ್ದರೆ ಮಡಿದ ಯೋಧರಿಗೆ ನುಡಿಸುವ ವಿದಾಯದ ರಾಗ ‘ಲಾಸ್ಟ್ ಪೋಸ್ಟ್’. ಭಾಷಣಗಳು ಇದಾದ ಮೇಲೆ, ಸಭಾಂಗಣದಲ್ಲಿ.

10. ಆಮೇಲಿನ ಪಾಲನೆ

ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ಸಾದಾ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಆ್ಯಸಿಡ್, ತಂತಿಯ ಬ್ರಷ್, ಬ್ಲೀಚಿಂಗ್ ಪುಡಿ ಯಾವುದೂ ಬೇಡ. ಜನ ಬಂದು ಕುಂಕುಮ ಹಚ್ಚುತ್ತಾರೆ, ಎಣ್ಣೆದೀಪ ಹಚ್ಚುತ್ತಾರೆ, ಅದನ್ನು ತಡೆಯಲಾಗದು, ತಡೆಯುವ ಅಗತ್ಯವೂ ಇಲ್ಲ. ಕಲ್ಲಿನ ಮುಂದೆ ಒಂದಡಿ ದೂರದಲ್ಲಿ ಹೂವಿಗೊಂದು ಪೀಠ, ದೀಪಕ್ಕೊಂದು ಗೂಡು ಮಾಡಿಸಿಟ್ಟರೆ ಎಣ್ಣೆ, ಬಣ್ಣಗಳು ಹೆಸರಿನ ಮೇಲೆ ಇಳಿಯುವುದಿಲ್ಲ. ಸೇವೆ ಸಲ್ಲಿಸಿದವರ ಗೌರವ ಫಲಕ ಮರದ್ದಾದರೆ ಸಾಗುವಾನಿಯದೋ ಹೊನ್ನೆಯದೋ ಆಗಿರಲಿ, ಗೋಡೆಗೆ ತಾಗದಂತೆ ತುಸು ಅಂತರ ಬಿಟ್ಟು ತೂಗುಹಾಕಿ. ಗೋಡೆಯ ತೇವ ಮತ್ತು ಗೆದ್ದಲು ಎರಡೂ ಹಿಂಬದಿಯಿಂದಲೇ ಬರುತ್ತವೆ.

ದಾಖಲೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಪುಟ: ಫೋಟೋ, ವಹಿಯ ಕ್ರಮಸಂಖ್ಯೆ, ಸೇವೆಯ ವಿವರ, ಪ್ರತಿ ಸಂಗತಿಗೂ ಆಧಾರ ಯಾವುದೆಂಬ ಟಿಪ್ಪಣಿ, ಮನೆಯವರು ಹೇಳಿದ ಮಾತುಗಳು. ಅದರ ಒಂದು ಪ್ರತಿ ಶಾಲೆಯಲ್ಲಿ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿರಲಿ. ಅನಾವರಣದ ನಂತರ ಹೊಸ ಹೆಸರು ಬಂದರೆ ಅದೇ ನಿಯಮ, ಅದೇ ಎರಡು ಆಧಾರ, ಅದೇ ಒಂದು ತಿಂಗಳ ಸೂಚನೆ. ನಂತರ ಖಾಲಿ ಕಲ್ಲುಗಳಲ್ಲಿ ಮುಂದಿನದರ ಮೇಲೆ ಹೆಸರು, ಅಕಾರಾದಿ ಕ್ರಮ ತಪ್ಪಿದರೂ ಚಿಂತೆಯಿಲ್ಲ. ಮುಖ್ಯ ಶಿಕ್ಷಕರು ವರ್ಗವಾಗಿ ಹೋಗುವಾಗ ಬರೆದುಕೊಡುವ ಪ್ರಭಾರ ಪಟ್ಟಿಯಲ್ಲಿ ಬೀರು, ಗಡಿಯಾರ, ಪ್ರಯೋಗಾಲಯದ ಸಾಮಗ್ರಿಗಳ ಜೊತೆಗೆ ಈ ಪುಸ್ತಕವನ್ನೂ ಖಾಲಿ ಉಳಿದ ಕಲ್ಲುಗಳ ಸಂಖ್ಯೆಯನ್ನೂ ನಮೂದಿಸಿ, ಹೊಸಬರಿಂದ ಸಹಿ ಪಡೆಯುವ ಪದ್ಧತಿಯನ್ನು ಮೊದಲ ವರ್ಷದಿಂದಲೇ ಜಾರಿಗೆ ತನ್ನಿ.